ಕಿತ್ತುಕೊಂಡು ಕೊಡುವ ಉದಾರಿಗಳು

ಮೊದಲಿಗೆ ಒಂದು ಅಭಿನಂದನೆ ಸಲ್ಲಿಸಿಬಿಡೋಣ. 2023ರಲ್ಲಿ ಮೈಕ್ರೋಸಾಫ್ಟ್‌ನವರು ವಿಂಡೋಸ್ 11 ಬಳಸುವವರಿಗೆ ಒಂದು ಹೊಸ ಸೌಲಭ್ಯ ಕೊಟ್ಟರು. ಪರದೆಯ ಕೆಳಗೆ ಒಂದು ಪಟ್ಟಿ ಇರುತ್ತಲ್ಲ, ಟಾಸ್ಕ್‌ಬಾರ್, ಅದರಲ್ಲಿ ತೆರೆದಿರುವ ಒಂದೊಂದು ಫೈಲಿಗೂ ಒಂದೊಂದು ಬಟನ್ನು, ಬಟನ್ನಿನ ಮೇಲೆ ಫೈಲಿನ ಹೆಸರು. ನಾಲ್ಕು ವರ್ಡ್ ಫೈಲ್ ತೆರೆದಿದ್ದರೆ ನಾಲ್ಕು ಹೆಸರು ಕಾಣುತ್ತೆ. ಬೇಕಾದ್ದನ್ನು ಓದಿ ಒತ್ತಿದರೆ ಮುಗೀತು. ಎಂಥಾ ತಲೆ!

ಇದು 1995ರ ಆಗಸ್ಟ್ 24ಕ್ಕೆ ಬಂದ ವಿಂಡೋಸ್ 95ರಲ್ಲೇ ಇತ್ತಲ್ಲ ಅಂತ ಕೊಂಕು ತೆಗೆಯುವವರು ಇದ್ದಾರೆ. ಇತ್ತು, ಯಾರು ಇಲ್ಲ ಅಂದ್ರು? ಆಮೇಲೆ ಬಂದ ಎಕ್ಸ್‌ಪಿ, 7, 10 ಎಲ್ಲದರಲ್ಲೂ ಬೇಕೆಂದವರು ಇಟ್ಟುಕೊಳ್ಳಬಹುದಿತ್ತು. 2021ರ ಅಕ್ಟೋಬರ್ 5ಕ್ಕೆ ವಿಂಡೋಸ್ 11 ಬಂದಾಗ ಕಿತ್ತು ಹಾಕಿದರು. ನಾಲ್ಕೂ ಫೈಲು ಒಂದೇ ಐಕಾನಿನ ಹೊಟ್ಟೆ ಸೇರಿದವು. ಮೌಸನ್ನು ಅದರ ಮೇಲೆ ಹಿಡಿದರೆ ಪುಟಾಣಿ ಚಿತ್ರಗಳು ಮೇಲೇಳುತ್ತಿದ್ದವು. ನಾಲ್ಕೂ ಬಿಳಿ ಹಾಳೆ. ಬಾಡಿಗೆ ಕರಾರು ಯಾವುದು, ಬಾಸಿಗೆ ಕೊಡಬೇಕಾದ ರಾಜೀನಾಮೆ ಯಾವುದು, ಕಣ್ಣು ಕಿರಿದು ಮಾಡಿಕೊಂಡು ನೋಡಬೇಕಿತ್ತು. ಎರಡು ವರ್ಷ ಜನ ಬೊಬ್ಬೆ ಹೊಡೆದ ಮೇಲೆ ಹೆಸರುಗಳು ವಾಪಸ್ ಬಂದವು. ಕಿತ್ತುಕೊಳ್ಳದೆ ಕೊಡೋಕೆ ಆಗುತ್ತಾ, ನೀವೇ ಹೇಳಿ.

ಇದೊಂದೇ ಆಗಿದ್ದರೆ ಏನೋ ಕೈತಪ್ಪು ಅನ್ನಬಹುದಿತ್ತು. ಟಾಸ್ಕ್‌ಬಾರ್ ಮೇಲೆ ರೈಟ್ ಕ್ಲಿಕ್ ಮಾಡಿ ಟಾಸ್ಕ್ ಮ್ಯಾನೇಜರ್ ತೆರೆಯುವುದು, ಫೈಲನ್ನು ಎಳೆದು ತಂದು ಐಕಾನಿನ ಮೇಲೆ ಹಿಡಿಯುವುದು, ಎರಡೂ ಅದೇ ಹೊತ್ತಿಗೆ ಹೋದವು. ಆಮೇಲೆ ಒಂದೊಂದಾಗಿ, ಹಬ್ಬಕ್ಕೊಂದರಂತೆ, ವಾಪಸ್ ಬಂದವು. ಗಡಿಯಾರದ ಮೇಲೆ ಒತ್ತಿದರೆ ವಿಂಡೋಸ್ 10ರ ಕಾಲದಲ್ಲಿ ಸೆಕೆಂಡ್ ಕಾಣುತ್ತಿತ್ತು, ತತ್ಕಾಲ್ ಟಿಕೆಟ್ ಬುಕ್ ಮಾಡುವವರಿಗೆ ಅದೇ ಪ್ರಾಣ. ಅದೂ ಹೋಯಿತು. 2023ರಲ್ಲಿ ಸೆಕೆಂಡ್ ತೋರಿಸುವ ಆಯ್ಕೆ ಕೊಟ್ಟರು, ಪಕ್ಕದಲ್ಲೇ ಒಂದು ಎಚ್ಚರಿಕೆಯನ್ನೂ ಬರೆದರು: ಇದಕ್ಕೆ ಕರೆಂಟ್ ಜಾಸ್ತಿ ಬೇಕಾಗುತ್ತೆ. ಪರದೆ ತುಂಬಾ ಜಾಹೀರಾತು ಕುಣಿಯುವಾಗ ಯಾರಿಗೂ ನೆನಪಾಗದ ಕರೆಂಟ್ ಬಿಲ್ಲು, ಎರಡು ಅಂಕಿ ಬದಲಾಗುವಾಗ ನೆನಪಾಯಿತು.

ರೈಟ್ ಕ್ಲಿಕ್ ಮೆನುವಿನ ಕಥೆಯನ್ನಂತೂ ಸ್ವಲ್ಪ ನಿಧಾನವಾಗಿ ಹೇಳಬೇಕು. ಹಳೆಯ ಮೆನುವಿನಲ್ಲಿ ಕಟ್, ಕಾಪಿ, ಡಿಲೀಟ್, ರೀನೇಮ್ ಅಂತ ಅಕ್ಷರದಲ್ಲಿ ಬರೆದಿರುತ್ತಿತ್ತು. ಓದು ಬಂದವರೆಲ್ಲ ಬಳಸುತ್ತಿದ್ದರು. ಅಷ್ಟು ಸುಲಭ ಆಗಬಾರದಲ್ಲ? ವಿಂಡೋಸ್ 11ರಲ್ಲಿ ಅಕ್ಷರ ಅಳಿಸಿ ಸಣ್ಣ ಸಣ್ಣ ಚಿತ್ರ ಇಟ್ಟರು. ಆ ಚಿತ್ರಗಳ ಸಾಲು ಕೆಲವು ಸಲ ಮೆನುವಿನ ಮೇಲ್ಗಡೆ ಇರುತ್ತೆ, ಕೆಲವು ಸಲ ಕೆಳಗಡೆ. ನೀವು ಪರದೆಯ ಯಾವ ಕಡೆ ಕ್ಲಿಕ್ ಮಾಡಿದಿರಿ ಅನ್ನುವುದರ ಮೇಲೆ ಹೋಗುತ್ತೆ. ಉಳಿದ ಕೆಲಸಕ್ಕೆಲ್ಲ ಕೆಳಗೆ ‘ಇನ್ನಷ್ಟು ಆಯ್ಕೆ ತೋರಿಸು’ ಎಂಬ ಸಾಲು. ಅದನ್ನು ಒತ್ತಿದರೆ ಏನು ಬರುತ್ತೆ ಗೊತ್ತಾ? ಹಳೆಯ ಮೆನು. ಅದೇ, ಇಡೀ ಮೆನು, ಒಂದು ಸಾಲೂ ಬಿಡದೆ. ಹಳೆಯದನ್ನು ತೆಗೆದಿರಲಿಲ್ಲ, ಅದರ ಮುಂದೆ ಒಂದು ಕಾವಲುಗಾರನನ್ನು ಕೂರಿಸಿದ್ದರು ಅಷ್ಟೆ. ಮೂರು ವರ್ಷ ಕಳೆದು 2024ರ ಅಪ್‌ಡೇಟ್ ಬಂದಾಗ ಆ ಚಿತ್ರಗಳ ಕೆಳಗೆ ಕಟ್, ಕಾಪಿ ಅಂತ ಹೆಸರು ಬರೆದರು. ಅಕ್ಷರ ಅನ್ನುವುದನ್ನು ಕಂಡುಹಿಡಿಯಲು ಮನುಷ್ಯನಿಗೆ ಸಾವಿರಾರು ವರ್ಷ ಹಿಡಿಯಿತಂತೆ. ಇವರು ಮೂರೇ ವರ್ಷದಲ್ಲಿ ಮುಗಿಸಿದರು.

ಈ ವಿದ್ಯೆಯಲ್ಲಿ ಇವರು ಪಳಗಿದ್ದು ವಿಂಡೋಸ್ 8ರಲ್ಲಿ. 2012ರ ಅಕ್ಟೋಬರ್ 26. ಹದಿನೇಳು ವರ್ಷದಿಂದ ಎಡಗಡೆ ಕೆಳಮೂಲೆಯಲ್ಲಿ ಕೂತಿದ್ದ ಸ್ಟಾರ್ಟ್ ಬಟನ್ ಬೆಳಗಾಗುವುದರೊಳಗೆ ಮಾಯ. ಮುಂದೆ ಎಲ್ಲರೂ ಬೆರಳಲ್ಲೇ ಪರದೆ ಮುಟ್ಟುತ್ತಾರೆ, ಹಾಗಾಗಿ ದೊಡ್ಡ ದೊಡ್ಡ ಬಣ್ಣದ ಚೌಕ ಸಾಕು ಅಂತ ತೀರ್ಮಾನ ಆಗಿತ್ತು. ಮುಟ್ಟಿದರೆ ಬೆರಳಿನ ಗುರುತು ಬಿಟ್ಟು ಇನ್ನೇನೂ ಆಗದ ಮಾನಿಟರ್ ಇಟ್ಟುಕೊಂಡವರಿಗೂ ಅದೇ ಚೌಕ. ಅದೇ ವರ್ಷ ಬಂದ ವಿಂಡೋಸ್ ಸರ್ವರ್ 2012ಕ್ಕೂ ಅದೇ ಚೌಕ. ಸರ್ವರ್ ಅಂದರೆ ಬೀಗ ಹಾಕಿದ ಎಸಿ ಕೋಣೆಯೊಳಗೆ ಕಬ್ಬಿಣದ ಕಪಾಟಿನಲ್ಲಿ ಗುಂಯ್ ಅನ್ನುತ್ತಾ ಕೂತಿರುವ ಯಂತ್ರ. ಅದನ್ನು ಹೋಗಿ ಮುಟ್ಟಿ ಮಾತಾಡಿಸುವವರು ಯಾರು? ಆಯುಧಪೂಜೆ ದಿನ ಕುಂಕುಮ ಹಚ್ಚುವವರು ಇರಬಹುದು.

ಆ ವರ್ಷ ಊರಲ್ಲಿರುವ ಅಪ್ಪಂದಿರಿಗೂ ಬೆಂಗಳೂರಲ್ಲಿರುವ ಮಕ್ಕಳಿಗೂ ಫೋನಿನಲ್ಲಿ ಒಂದೇ ಮಾತು. ಅಪ್ಪ ಸಾಗರದಲ್ಲಿ ಇದ್ದಾರೆ ಅಂತಿಟ್ಟುಕೊಳ್ಳಿ.

“ಏನೋ ಇದು, ಆಫ್ ಮಾಡೋ ಬಟನ್ನೇ ಇಲ್ವಲ್ಲೋ?”

“ಇದೆ ಅಪ್ಪ. ಮೌಸನ್ನ ಬಲಗಡೆ ಮೇಲಿನ ಮೂಲೆಗೆ ತಗೊಂಡು ಹೋಗಿ.”

“ಹೋದೆ.”

“ಏನಾದ್ರೂ ಬಂತಾ?”

“ಬಂತು. ಹೋಯ್ತು.”

“ಹೋಗೋಕೆ ಬಿಡಬಾರದು ಅಪ್ಪ. ಬಂದ ತಕ್ಷಣ ಹಾಗೇ ಸೀದಾ ಕೆಳಗೆ ಇಳಿಸಿ. ಆಚೀಚೆ ಸರಿಸಬೇಡಿ.”

“ಇಳಿಸ್ದೆ. ಹಲ್ಲು ಹಲ್ಲಿನ ಚಕ್ರದ ಥರ ಏನೋ ಇದೆ.”

“ಅದೇ, ಸೆಟ್ಟಿಂಗ್ಸು. ಒತ್ತಿ.”

“ನಂಗೆ ಸೆಟ್ಟಿಂಗ್ಸ್ ಬೇಡ ಕಣೋ. ಆಫ್ ಮಾಡ್ಬೇಕು.”

“ಆಫ್ ಮಾಡೋದು ಸೆಟ್ಟಿಂಗ್ಸ್ ಒಳಗೇ ಇರೋದು.”

“ಯಾಕೆ?”

ಮಗನ ಹತ್ತಿರ ಇದಕ್ಕೆ ಉತ್ತರ ಇರಲಿಲ್ಲ. ಮಗ ಸಾಫ್ಟ್‌ವೇರ್ ಎಂಜಿನಿಯರ್.

“ಒಳಗೆ ಪವರ್ ಅಂತ ಇರುತ್ತೆ, ಅದರಲ್ಲಿ ಶಟ್ ಡೌನ್ ಅಂತ... ಅಪ್ಪ? ಹಲೋ?”

“ಬಿಡೋ, ಆಯ್ತು. ಯುಪಿಎಸ್ ಸ್ವಿಚ್ಚೇ ತೆಗ್ದೆ.”

ಒಂದು ವರ್ಷ ಹೀಗೆ ನಡೆಯಿತು. ಕಿತ್ತುಕೊಂಡದ್ದರಿಂದ ನಾಲ್ಕು ಜನರ ಹೊಟ್ಟೆಯೂ ತುಂಬಿತು ಅನ್ನಿ. ಸ್ಟಾರ್‌ಡಾಕ್ ಎಂಬ ಕಂಪನಿ ಸ್ಟಾರ್ಟ್ ಮೆನುವನ್ನು ವಾಪಸ್ ತರುವ ಸಾಫ್ಟ್‌ವೇರ್ ಮಾಡಿ 4.99 ಡಾಲರ್‌ಗೆ ಮಾರಿತು. ಮೊದಲು ಪುಕ್ಕಟೆ ಇದ್ದದ್ದಕ್ಕೆ ಒಂದು ಬೆಲೆ ಬಂತು. 2013ರ ಅಕ್ಟೋಬರ್‌ನಲ್ಲಿ 8.1 ಬಂದಾಗ ಮೈಕ್ರೋಸಾಫ್ಟ್‌ನವರೂ ಮನಸ್ಸು ಕರಗಿ ಬಟನ್ ವಾಪಸ್ ಕೊಟ್ಟರು. ಜನ ಓಡಿಹೋಗಿ ಒತ್ತಿದರು. ಮತ್ತೆ ಅದೇ ಬಣ್ಣದ ಚೌಕಗಳು. ನೀವು ಕೇಳಿದ್ದು ಬಟನ್ ತಾನೇ, ಮೆನು ಬೇಕು ಅಂತ ಬಿಡಿಸಿ ಹೇಳಿದ್ರಾ? ಮೆನು ನೋಡಲು 2015ರ ಜುಲೈ 29ರವರೆಗೆ, ಅಂದರೆ ವಿಂಡೋಸ್ 10 ಬರುವವರೆಗೆ ಕಾಯಬೇಕಾಯಿತು. ಮಧ್ಯದಲ್ಲಿ 9 ಎಲ್ಲಿ ಹೋಯಿತು ಅಂತ ಮಾತ್ರ ಕೇಳಬೇಡಿ. ಅದನ್ನೂ ಯಾರೂ ಬಳಸುತ್ತಿರಲಿಲ್ಲವೇನೋ.

ಹಣದ ಆಸೆಗೆ ಬಿದ್ದ ಕಂಪನಿಗಳು ಹೀಗೇ, ಬಿಟ್ಟಿ ಕೊಡುವ ಲಿನಕ್ಸ್ ಕಡೆ ಬನ್ನಿ ಅಂತ ಕರೆಯುವ ಗೆಳೆಯರು ಎಲ್ಲರಿಗೂ ಒಬ್ಬರಾದರೂ ಇರುತ್ತಾರೆ. ಅವರ ಮನೆಯ ದೋಸೆಯೂ ತೂತೇ. 2011ರ ಏಪ್ರಿಲ್‌ನಲ್ಲಿ ಬಂದ ಗ್ನೋಮ್ 3 ಎಂಬ ಲಿನಕ್ಸ್ ಡೆಸ್ಕ್‌ಟಾಪಿನಲ್ಲಿ ವಿಂಡೋ ಕೆಳಗಿಳಿಸುವ ಮಿನಿಮೈಸ್ ಬಟನ್ ತೆಗೆದರು. ಕಾರಣವನ್ನೂ ಕೊಟ್ಟರು: ಕೆಳಗಿನ ಪಟ್ಟಿಯನ್ನೇ ತೆಗೆದಿದ್ದೇವೆ, ಇನ್ನು ವಿಂಡೋ ಇಳಿದು ಹೋಗುವುದಾದರೂ ಎಲ್ಲಿಗೆ? ಪಟ್ಟಿ ತೆಗೆದವರು ಯಾರು ಸ್ವಾಮಿ ಅಂತ ಕೇಳಿದವರಿಗೆ ಉತ್ತರ ಸಿಗಲಿಲ್ಲ. ಮೆನುವಿನಲ್ಲಿ ಕಂಪ್ಯೂಟರ್ ಆಫ್ ಮಾಡುವ ಆಯ್ಕೆಯೂ ಕಾಣುತ್ತಿರಲಿಲ್ಲ. ಸಸ್ಪೆಂಡ್ ಅಂತ ಒಂದಿತ್ತು. ಆಲ್ಟ್ ಕೀ ಒತ್ತಿ ಹಿಡಿದುಕೊಂಡರೆ ಮಾತ್ರ ಅದೇ ಸಾಲು ಪವರ್ ಆಫ್ ಅಂತ ಬದಲಾಗುತ್ತಿತ್ತು. ಯಾರೋ ಕಿವಿಯಲ್ಲಿ ಉಪದೇಶ ಕೊಡದೆ ತಾನಾಗಿ ತಿಳಿಯುವ ವಿದ್ಯೆ ಅಲ್ಲ ಅದು. ಲಿನಕ್ಸ್‌ನ ಮೂಲಪುರುಷ ಲಿನಸ್ ಟೊರ್ವಾಲ್ಡ್ಸ್ ಅವರೇ ಆ ವರ್ಷ ರೋಸಿಹೋಗಿ ಎಕ್ಸ್‌ಎಫ್‌ಸಿಇ ಎಂಬ ಬೇರೆ ಡೆಸ್ಕ್‌ಟಾಪಿಗೆ ಗುಳೆ ಹೋದರು. ಅವರ ಗತಿಯೇ ಹೀಗಾದರೆ ನಮ್ಮಂಥವರ ಮಾತೇನು. ಉಬುಂಟು ಎಂಬ ಲಿನಕ್ಸ್‌ನವರು ಇದಕ್ಕೂ ಮುಂಚೆ, 2010ರಲ್ಲಿ, ಮುಚ್ಚುವ ಬಟನ್ನನ್ನು ಬಲಗಡೆಯಿಂದ ಎಡಗಡೆಗೆ ಸಾಗಿಸಿದರು. ಏಳು ವರ್ಷ ನಮ್ಮ ಕೈಗೆ ಎಡಗಡೆ ಅಭ್ಯಾಸ ಆಗಲಿ ಅಂತ ಕಾದರು. ಅಭ್ಯಾಸ ಆದದ್ದು ಖಾತ್ರಿ ಆದ ಮೇಲೆ, 2017ರಲ್ಲಿ, ವಾಪಸ್ ಬಲಗಡೆಗೆ ಇಟ್ಟರು.

ಆಪಲ್‌ನವರು ಹಿಂದೆ ಬೀಳುತ್ತಾರೆಯೇ? 2011ರ ಮ್ಯಾಕ್ ಆವೃತ್ತಿ ಲಯನ್‌ನಲ್ಲಿ ತಮ್ಮದೇ ಆ್ಯಪ್‌ಗಳಿಂದ ‘ಸೇವ್ ಆ್ಯಸ್’ ತೆಗೆದರು, ಮರುವರ್ಷ ವಾಪಸ್ ತಂದು ಆಪ್ಷನ್ ಕೀ ಹಿಂದೆ ಬಚ್ಚಿಟ್ಟರು. ಅವರ ಬಗ್ಗೆ ಜಾಸ್ತಿ ಬರೆಯಲ್ಲ, ಅಷ್ಟು ದುಡ್ಡು ಕೊಟ್ಟು ಕೊಂಡವರಿಗೆ ಆಗಲೇ ಸಾಕಷ್ಟು ನೋವಾಗಿರುತ್ತೆ.

ಪ್ರತಿ ಸಲವೂ ಕೇಳಿಬರುವ ಸಮಜಾಯಿಷಿ ಒಂದೇ: ಅದನ್ನು ಬಳಸುವವರು ಕಮ್ಮಿ. ಲೆಕ್ಕ ಇಟ್ಟಿದ್ದೇವೆ, ನೋಡಿ. ವಿಂಡೋಸ್ ವಿಸ್ಟಾದಿಂದ ವಿಂಡೋಸ್ 7ಕ್ಕೆ ಬರುವಾಗ ಸ್ಟಾರ್ಟ್ ಮೆನು ಬಳಕೆ ಶೇ 11ರಷ್ಟು ಇಳಿದಿತ್ತು ಅಂತ ಮೈಕ್ರೋಸಾಫ್ಟ್‌ನವರು 2011ರಲ್ಲಿ ಬರೆದಿದ್ದರು. ನೂರು ಸಲ ಒತ್ತುತ್ತಿದ್ದವರು 89 ಸಲ ಒತ್ತುತ್ತಿದ್ದರು ಅಂತ ತಾನೇ ಇದರ ಅರ್ಥ? ಆ 89ಕ್ಕೆ ಏನು ಮಾಡೋಣ ಅಂತ ಯಾರೂ ಕೇಳಲಿಲ್ಲ. ಇನ್ನು ಕಂಪ್ಯೂಟರ್ ಚೆನ್ನಾಗಿ ಬಲ್ಲವರು ಮೊದಲು ಮಾಡುವ ಕೆಲಸವೇ, ನಾವು ಏನೇನು ಒತ್ತುತ್ತೇವೆ ಅಂತ ಕಂಪ್ಯೂಟರ್ ತಾನಾಗಿ ಕಂಪನಿಗೆ ಈ ಲೆಕ್ಕ ಕಳಿಸುವುದನ್ನು ಬಂದ್ ಮಾಡುವುದು. ಯಾವ ಮೂಲೆಯಲ್ಲಿ ಯಾವ ಬಟನ್ ಇದೆ ಅಂತ ತಿಳಿದು ಬಳಸುವ ಆಸಾಮಿಗಳು ಲೆಕ್ಕದ ಪುಸ್ತಕದಲ್ಲಿ ಹುಟ್ಟೇ ಇಲ್ಲ.

ಮದುವೆ ಊಟಕ್ಕೆ ಕೂತಾಗ ಎಲೆಯ ತುದಿಗೆ ಉಪ್ಪು ಬಡಿಸುತ್ತಾರಲ್ಲ, ಪಂಕ್ತಿ ಎದ್ದ ಮೇಲೆ ನೋಡಿ, ಮುಕ್ಕಾಲು ಎಲೆಗಳಲ್ಲಿ ಅದು ಮುಟ್ಟದೆ ಹಾಗೇ ಇರುತ್ತೆ. ಈ ಲೆಕ್ಕದವರ ಕೈಗೆ ಅಡುಗೆ ಕಾಂಟ್ರ್ಯಾಕ್ಟ್ ಕೊಟ್ಟರೆ ಮುಂದಿನ ಮದುವೆಗೆ ಉಪ್ಪು ಇರಲ್ಲ. ಸಾರು ಸಪ್ಪೆ ಅಂತ ಗೊಣಗಿದವರು ಬದಲಾವಣೆಗೆ ಒಗ್ಗದ ಮುದುಕರು. ಎರಡು ವರ್ಷ ಕಳೆದ ಮೇಲೆ ಒಂದು ಮದುವೆಯಲ್ಲಿ ಬಡಿಸುವವರು ಬೆಳ್ಳಿ ಬಟ್ಟಲು ಹಿಡಿದು ಬರುತ್ತಾರೆ: ಈ ಸಲದ ವಿಶೇಷ ಉಪ್ಪು, ಸಂಕೋಚ ಮಾಡ್ಕೋಬೇಡಿ, ಹಾಕಿಸ್ಕೊಳ್ಳಿ.

ಕಮ್ಮಿ ಜನ ಅನ್ನುವ ಮಾತು ಕೇಳಿದಾಗೆಲ್ಲ ನನಗೆ ನೆನಪಾಗುವುದು ಸ್ಕ್ರೋಲ್ ಲಾಕ್ ಕೀ. ಕೀಬೋರ್ಡಿನ ಬಲಗಡೆ ಮೇಲೆ ಇರುತ್ತಿತ್ತು. ಇದು ಯಾಕಿದೆ ಅಂತ ಪ್ರಪಂಚದಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಎಕ್ಸೆಲ್ ಬಿಟ್ಟರೆ ಅದನ್ನು ಕ್ಯಾರೇ ಅನ್ನುವ ಸಾಫ್ಟ್‌ವೇರ್ ಅಪರೂಪ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಸದ್ದಿಲ್ಲದೆ ತೆಗೆದರು, ಯಾರೂ ಅಳಲಿಲ್ಲ. ಅಥವಾ ಹಾಗಂದುಕೊಂಡರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸಾಫ್ಟ್‌ವೇರಿನಲ್ಲಿ ಕನ್ನಡ ಟೈಪ್ ಮಾಡುವವರನ್ನು ಕೇಳಿ. ಇಂಗ್ಲಿಷಿನಿಂದ ಕನ್ನಡಕ್ಕೆ ಬರಲು ಅವರು ಒತ್ತುತ್ತಿದ್ದದ್ದು ಅದೇ ಕೀ. ತಾಲ್ಲೂಕು ಕಚೇರಿ ಎದುರಿನ ಡಿಟಿಪಿ ಅಂಗಡಿಯಲ್ಲಿ ಅಫಿಡವಿಟ್ಟಿಗೂ ಲಗ್ನಪತ್ರಿಕೆಗೂ ಮುಂಚೆ ಟಕ್ ಅಂತ ಒಂದು ಸದ್ದು ಬರುತ್ತಿತ್ತು, ಮೂಲೆಯಲ್ಲಿ ಹಸಿರು ದೀಪ ಹತ್ತುತ್ತಿತ್ತು, ಆಮೇಲೆ ಕನ್ನಡ. ಕೀ ಇಡಲು ಜಾಗ ಇರಲಿಲ್ಲವೇನೋ ಅಂತ ನಾವೂ ಸುಮ್ನೆ ಇದ್ದೆವು. ಆಮೇಲೆ ನೋಡಿದರೆ 2024ರಿಂದ ಹೊಸ ಕೀಬೋರ್ಡುಗಳಲ್ಲಿ ಮೈಕ್ರೋಸಾಫ್ಟ್‌ನ ಎಐ ಸಹಾಯಕನನ್ನು ಕರೆಯುವ ಕೋಪೈಲಟ್ ಎಂಬ ಕೀ ಬಂದು ಕೂತಿದೆ. ಅದನ್ನು ಒತ್ತುವವರು ಎಷ್ಟು ಜನ ಅಂತ ಲೆಕ್ಕ ಹಾಕಿ ಇಟ್ಟರೋ, ಇಟ್ಟ ಮೇಲೆ ಲೆಕ್ಕ ಹಾಕುತ್ತಾರೋ.

ಅಂದಹಾಗೆ, ಲ್ಯಾಪ್‌ಟಾಪಿನಲ್ಲಿ ನುಡಿ ಬಳಸುವವರಿಗೆ ಒಂದು ಉಪಾಯ ಇದೆ. ವಿಂಡೋಸ್‌ನಲ್ಲಿ ಪರದೆಯ ಮೇಲೆ ಮೂಡುವ ಕೀಬೋರ್ಡ್ ಇದೆ, ಅದರಲ್ಲಿ ಸ್ಕ್ರೋಲ್ ಲಾಕ್ ಇನ್ನೂ ಉಳಿದಿದೆ, ಮೌಸಿನಲ್ಲಿ ಒತ್ತಿದರೆ ಕೆಲಸ ಮಾಡುತ್ತೆ. ಗೊತ್ತಿರುವ ನಾಲ್ಕು ಜನಕ್ಕೆ ಹೇಳಿ, ಆದರೆ ಮೆಲ್ಲಗೆ. ಲೆಕ್ಕ ಬರೆಯುವವರು ಕೇಳಿಸಿಕೊಂಡಾರು.