ದಂಡಿನ ಲಾಕ್ ಆಸ್ಪತ್ರೆ: ಬಲವಂತದ ತಪಾಸಣೆ ಬೇಕಿತ್ತಾ?

ಪರ

ಪರಂಗಿ ಹುಣ್ಣು, ಅಂದರೆ ಸಿಫಿಲಿಸ್, ಲೈಂಗಿಕ ಸಂಪರ್ಕದಿಂದ ಅಂಟುವ ಮೋಸದ ಕಾಯಿಲೆ. ಹುಣ್ಣು ತಾನಾಗೇ ಮಾಯುತ್ತದೆ, ವಾಸಿಯಾಯ್ತು ಅಂದುಕೊಳ್ಳುತ್ತಾರೆ. ಎಷ್ಟೋ ವರ್ಷದ ಮೇಲೆ ಅದು ಹೃದಯಕ್ಕೋ ಮಿದುಳಿಗೋ ಕೈ ಹಾಕುತ್ತದೆ. ಬಸುರಿಗಿದ್ದರೆ ಹೊಟ್ಟೆಯಲ್ಲಿರುವ ಮಗುವಿಗೂ ಅಂಟುತ್ತದೆ. ಇಂಥದ್ದನ್ನು "ಇಷ್ಟವಿದ್ದರೆ ಬನ್ನಿ" ಅಂತ ಬೋರ್ಡು ಹಾಕಿ ತಡೆಯೋಕಾಗುತ್ತಾ?

ಅದಕ್ಕೇ ಮದ್ರಾಸ್ ಪ್ರಾಂತ್ಯದ ಬಳ್ಳಾರಿಯಲ್ಲಿ, ನಮ್ಮ ಬೆಂಗಳೂರು ದಂಡಿನಲ್ಲಿ ಬ್ರಿಟಿಷರ ಕಾಲದಲ್ಲಿ ಲಾಕ್ ಆಸ್ಪತ್ರೆಗಳು ನಡೆದವು. ಸೈನಿಕರು ಹೋಗುತ್ತಿದ್ದ ವೇಶ್ಯೆಯರನ್ನು ಬಲವಂತವಾಗಿ ತಪಾಸಣೆ ಮಾಡಿ, ರೋಗವಿದ್ದರೆ ಇರಿಸಿಕೊಂಡು ಮದ್ದು ಕೊಡುವ ಆಸ್ಪತ್ರೆಗಳಿವು. 1864ರ ದಂಡುಪ್ರದೇಶ ಕಾಯ್ದೆ, 1868ರ ಸಾಂಕ್ರಾಮಿಕ ರೋಗ ಕಾಯ್ದೆ ಈ ಪದ್ಧತಿಗೆ ಬಲ ಕೊಟ್ಟವು. 1888ರಲ್ಲಿ 1868ರ ಕಾಯ್ದೆ ರದ್ದಾಯಿತು. 1895ರ ಹೊತ್ತಿಗೆ ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ಗುಹ್ಯರೋಗದಿಂದ ಆಸ್ಪತ್ರೆ ಸೇರಿದ ಪ್ರಕರಣಗಳು ವರ್ಷಕ್ಕೆ ಸಾವಿರಕ್ಕೆ 500 ದಾಟಿದ್ದವು. ಹೆದರಿದ ಸರ್ಕಾರ 1897ರಲ್ಲಿ ಮತ್ತೆ ಹಿಡಿತ ಬಿಗಿ ಮಾಡಿತು.

ವಿರೋಧ

ಲಾಕ್ ಅಂದರೆ ಬೀಗ ಅಂದುಕೊಳ್ಳಬೇಡಿ. ಲಂಡನ್ನಿನ ಹಳೆಯ ಕುಷ್ಠರೋಗಿಗಳ ಆಶ್ರಮದಿಂದ ಬಂದ ಹೆಸರದು. ಆದರೂ ಇಲ್ಲಿ ಬೀಗವೇ ಸರಿಯಾದ ಅರ್ಥ.

ವೇಶ್ಯೆ ಅಂತ ಹೆಸರು ದಾಖಲಾದ ಒಬ್ಬ ಹೆಂಗಸಿನ ಕೈಯಲ್ಲಿ ಒಂದು ಚೀಟಿ. ಗೊತ್ತು ಮಾಡಿದ ದಿನ ಹೋಗಿ ಮೈ ತೋರಿಸಬೇಕು. ಹೋಗದಿದ್ದರೆ ದಂಡ ಅಥವಾ ಜೈಲು. ರೋಗವಿದೆ ಅಂತ ಡಾಕ್ಟರು ಹೇಳಿದರೆ ಒಳಗೆ. ಮದ್ದು ಪಾದರಸ: ವಸಡು ಊದುತ್ತದೆ, ಹಲ್ಲು ಅಲ್ಲಾಡುತ್ತವೆ, ಜೊಲ್ಲು ನಿಲ್ಲುವುದಿಲ್ಲ. ರೋಗಾಣು ಸಿಕ್ಕಿದ್ದೇ 1905ರಲ್ಲಿ, ರಕ್ತಪರೀಕ್ಷೆ ಬಂದಿದ್ದು 1906ರಲ್ಲಿ. ಅಲ್ಲಿಯವರೆಗೆ ಕಣ್ಣಂದಾಜು. ಬರೀ ಬಿಳಿಸೆರಗು ಇದ್ದವಳನ್ನೂ ರೋಗಿ ಅಂತ ಕೂರಿಸಬಹುದಿತ್ತು.

ಅವಳ ಹತ್ತಿರ ಬರುತ್ತಿದ್ದ ಸೈನಿಕನಿಗೆ ಇಂಥ ಚೀಟಿ ಯಾವುದೂ ಇರಲಿಲ್ಲ! ಅರ್ಧ ಜನರನ್ನು ಬಿಟ್ಟು ಅಂಟುರೋಗ ತಡೆಯುತ್ತೇವೆ ಅನ್ನೋದು ತೂತು ಕೊಡಕ್ಕೆ ನೀರು ತುಂಬಿದ ಹಾಗೆ. ಹೆಂಗಸರೂ ಸುಮ್ನೆ ಇರಲಿಲ್ಲ, ತಪ್ಪಿಸಿಕೊಂಡು ದಂಡಿನಾಚೆ ಹೋಗುತ್ತಿದ್ದರು. ರೋಗ ಅವರ ಜೊತೆಗೇ ಹೋಗುತ್ತಿತ್ತು, ಅಲ್ವಾ?

1895ರ ಲೆಕ್ಕ ಸುಳ್ಳಲ್ಲ. ಆದರೆ ಕಾಯ್ದೆ ರದ್ದಾಗುವ ಮೊದಲೇ, 1880ರ ದಶಕದಲ್ಲೇ, ಅದು ಏರುತ್ತಿತ್ತು. ಅದನ್ನು ಯಾಕೋ ಜಾಸ್ತಿ ಜನ ಹೇಳುವುದಿಲ್ಲ.

ಇಂಗ್ಲೆಂಡಿನ ಸಮಾಜ ಸುಧಾರಕಿ ಜೋಸೆಫೀನ್ ಬಟ್ಲರ್ ಮತ್ತು ಸಂಗಡಿಗರು ಹೋರಾಡಿ 1886ರಲ್ಲಿ ಬ್ರಿಟನ್ನಿನಲ್ಲಿ ಇಂಥದ್ದೇ ಕಾಯ್ದೆಯನ್ನು ತೆಗೆಸಿದರು. ಅದೇ ವರ್ಷ ಜೂನ್‌ನಲ್ಲಿ ಭಾರತದ ಸೇನೆಯಿಂದ ಒಂದು ಸುತ್ತೋಲೆ ಹೊರಟಿತು. ಪಡೆಗಳ ಬಜಾರಿನಲ್ಲಿ ಸಾಕಷ್ಟು ಹೆಂಗಸರಿರಲಿ, ಅವರು ನೋಡೋಕೂ ಚೆನ್ನಾಗಿರಲಿ, ಇರೋಕೆ ಒಳ್ಳೆ ಮನೆ ಕೊಡಿ ಅನ್ನುವುದು ಅದರ ಸಾರ.