ಸತ್ಯಾಂಶ: ಫ್ರೆಂಚ್ ವೈನ್‌ಗೆ ಗಂಧಕ ನಿನ್ನೆ ಮೊನ್ನೆ ಬಂದದ್ದಲ್ಲ

‘ಫ್ರಾನ್ಸಿನಲ್ಲಿ ಹಿಂದೆ ಬರೀ ದ್ರಾಕ್ಷಿಯಿಂದ ವೈನ್ ಮಾಡುತ್ತಿದ್ದರು. ಈಗ ಕಂಪನಿಗಳು ಸಲ್ಫೈಟ್ ಎಂಬ ವಿಷ ಬೆರೆಸುತ್ತಿವೆ, ಬಾಟಲಿ ಮೇಲೆ ಅವರೇ ಬರೆದಿದ್ದಾರೆ ನೋಡಿ’ ಎಂಬ ವಾಟ್ಸ್‌ಆ್ಯಪ್ ಸಂದೇಶ ಓಡಾಡುತ್ತಿದೆ. ಬಾಟಲಿ ಮೇಲೆ ಬರೆದಿರುವುದು, ಸಲ್ಫೈಟ್ ಬೆರೆಸುವುದು ನಿಜ. ಉಳಿದದ್ದು ತಪ್ಪು.

ಫ್ರಾನ್ಸಿನ ವೈನ್ ಪ್ರದೇಶವಾದ ಬೋರ್ಡೋದಲ್ಲಿ ಪೀಪಾಯಿಯೊಳಗೆ ಗಂಧಕ ಉರಿಸುವ ಪದ್ಧತಿಗೆ ಶತಮಾನಗಳ ವಯಸ್ಸು. ಡಚ್ ವ್ಯಾಪಾರಿಗಳು ಹಬ್ಬಿಸಿದ್ದರಿಂದ ‘ಡಚ್ ಕಡ್ಡಿ’ ಎಂದೇ ಅದರ ಹೆಸರು. 225 ಲೀಟರಿನ ಖಾಲಿ ಪೀಪಾಯಿಯನ್ನು ತೊಳೆದು, ನೀರು ಬಸಿದು, ಸುಮಾರು 5 ಗ್ರಾಂ ಗಂಧಕವನ್ನು ತಂತಿಗೆ ಸಿಕ್ಕಿಸಿ ಒಳಗೆ ಇಳಿಬಿಟ್ಟು ಉರಿಸುತ್ತಾರೆ. ಆ ಹೊಗೆಯಲ್ಲಿರುವ ಸಲ್ಫರ್ ಡೈಆಕ್ಸೈಡ್ ವೈನ್‌ಗೆ ಸೇರಿ ಸಲ್ಫೈಟ್ ಆಗುತ್ತದೆ. ಕರಗಿದ ಗಂಧಕ ತಳಕ್ಕೆ ತೊಟ್ಟಿಕ್ಕಿತೋ, ಆಮೇಲೆ ತುಂಬಿದ ವೈನ್‌ಗೆ ಕೊಳೆತ ಮೊಟ್ಟೆಯ ವಾಸನೆ ಹಿಡಿಯುವ ಅಪಾಯವಿದೆ. ಹೊಗೆಯಲ್ಲಿ ಎಷ್ಟು ಸೇರಿತೆಂದು ಹೇಳುವುದೂ ಕಷ್ಟ. ಅದಕ್ಕೇ ಈಗ ಹಲವರು ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಎಂಬ ಸಲ್ಫೈಟ್ ಪುಡಿಯನ್ನು ತೂಗಿ ಹಾಕುತ್ತಾರೆ. ಅದರ ತೂಕದ ಅರ್ಧದಷ್ಟು ಸಲ್ಫರ್ ಡೈಆಕ್ಸೈಡ್ ಸಿಗುತ್ತದೆ ಎಂಬುದು ರೂಢಿಯ ಲೆಕ್ಕ.

ಸಲ್ಫೈಟ್ ಹಾಕದಿದ್ದರೆ ಗಾಳಿ ತಾಗಿ ಬಣ್ಣ ಕಂದಾಗಬಹುದು, ಬ್ಯಾಕ್ಟೀರಿಯಾ ಸೇರಿ ವಿನೆಗರ್ ಆಗಬಹುದು. ಹುಳಿ ಕಡಿಮೆಯಿದ್ದಷ್ಟೂ ಹೆಚ್ಚು ಬೇಕು: ಪಿಎಚ್ (ಹುಳಿಯ ಅಳತೆ; ಅಂಕಿ ಹೆಚ್ಚಿದಷ್ಟೂ ಹುಳಿ ಕಡಿಮೆ) 3.2ರ ವೈನ್‌ಗೆ ಸಾಕಾಗುವುದು 3.8ರದಕ್ಕೆ ಸಾಲದು.

ಇನ್ನು ಹುದುಗುವಾಗ ಯೀಸ್ಟ್ ತಾನೇ ಸ್ವಲ್ಪ ಸಲ್ಫೈಟ್ ಉಂಟುಮಾಡುತ್ತದೆ. ಲೀಟರಿಗೆ 10 ಮಿಲಿಗ್ರಾಂ ದಾಟಿದರೆ ನಮೂದಿಸಲೇಬೇಕೆಂಬ ಐರೋಪ್ಯ ಒಕ್ಕೂಟದ ನಿಯಮ ಬಂದದ್ದು 2005ರಲ್ಲಿ. ಹಳೆಯ ಬಾಟಲಿಗಳಲ್ಲಿ ಆ ಸಾಲು ಇಲ್ಲದಿರುವುದಕ್ಕೆ ಕಾರಣ ಇಷ್ಟೇ. ಸಿಹಿಯಿಲ್ಲದ ಕೆಂಪು ವೈನ್‌ಗೆ ಮಿತಿ 150 ಮಿಲಿಗ್ರಾಂ, ಬಿಳಿಯದಕ್ಕೆ 200. ಸಾವಯವ ಕೆಂಪು ವೈನ್‌ಗೆ 100. ಈ ನಮೂದು ಮುಖ್ಯವಾಗಿ ಸಲ್ಫೈಟ್ ಒಗ್ಗದವರಿಗಾಗಿ, ಅದರಲ್ಲೂ ಕೆಲವು ಅಸ್ತಮಾ ರೋಗಿಗಳಿಗೆ ಇದರಿಂದ ಉಸಿರು ಕಟ್ಟಬಹುದು.