ಬೇರೆ ವಿಮಾನದಲ್ಲೇ ಉಳಿದುಹೋದ ಬೀಕನ್

ಅಕ್ಕನ ಮಗ ಕೆನಡಾದಲ್ಲಿ ವಿಮಾನ ಹಾರಿಸೋದು ಕಲಿಯುತ್ತಿದ್ದಾನೆ. ನಾಲ್ಕು ಸೀಟಿನ ಸೆಸ್ನಾ. ಚಳಿಗಾಲ ಶುರುವಾಯಿತು ಅಂದ ಕೂಡಲೇ ನನಗೆ ಹೊಟ್ಟೆಯಲ್ಲಿ ಸಂಕಟ. ಯಾಕೆ ಅಂತ ಅವನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ.

1972ರ ಅಕ್ಟೋಬರ್ 16. ಅಲಾಸ್ಕಾದ ಆ್ಯಂಕರೇಜ್‌ನಿಂದ ಜೂನೋ ಊರಿಗೆ ಒಂದು ಸೆಸ್ನಾ 310 ಹೊರಟಿತು. ಒಳಗೆ ನಾಲ್ಕೇ ಜನ. ಒಬ್ಬರು ಹೇಲ್ ಬಾಗ್ಸ್, ಅಮೆರಿಕ ಸಂಸತ್ತಿನ ಕೆಳಮನೆಯಲ್ಲಿ ಬಹುಮತದ ಪಕ್ಷದ ನಾಯಕ. ಇನ್ನೊಬ್ಬರು ಅಲಾಸ್ಕಾದ ಸಂಸದ ನಿಕ್ ಬೆಗಿಚ್. ದಾರಿಯಲ್ಲಿ ಪೋರ್ಟೇಜ್ ಪಾಸ್ ಅನ್ನೋ ಇಕ್ಕಟ್ಟಾದ ಕಣಿವೆ, ಅವತ್ತು ಅಲ್ಲಿ ಹವಾಮಾನ ಕೆಟ್ಟಿತ್ತು. ವಿಮಾನ ಜೂನೋ ತಲುಪಲೇ ಇಲ್ಲ. 39 ದಿನ ಹುಡುಕಿದರು. ಅಷ್ಟು ದೊಡ್ಡ ದೇಶ, ಅಷ್ಟು ದೊಡ್ಡ ಮನುಷ್ಯರು, ಆದರೂ ಇವತ್ತಿನವರೆಗೆ ಒಂದು ಚೂರೂ ಸಿಕ್ಕಿಲ್ಲ. ಕಾಣೆಯಾಗಿದ್ದಾಗಲೇ ಚುನಾವಣೆ ಬಂತು, ಬೆಗಿಚ್ ಗೆದ್ದರು.

ನನ್ನನ್ನು ಕಾಡೋದು ಬೇರೆ ವಿಷಯ. ಅಪಘಾತವಾದರೆ ತಾನಿರುವ ಜಾಗ ರೇಡಿಯೋದಲ್ಲಿ ಕೂಗಿ ಹೇಳುವ ಬೀಕನ್ ಅಂತ ಒಂದು ಸಣ್ಣ ಪೆಟ್ಟಿಗೆ ಇರುತ್ತದೆ. ಅಲಾಸ್ಕಾದಲ್ಲಿ ಅದನ್ನು ಆಗಷ್ಟೇ ಕಡ್ಡಾಯ ಮಾಡಿದ್ದರು. ಪೈಲಟ್ ಹತ್ತಿರವೂ ಒಂದಿತ್ತು, ಕೈಯಲ್ಲಿ ಹಿಡಿದೊಯ್ಯುವಂಥದ್ದು. ತನಿಖೆಯವರು ನೋಡಿದರೆ ಅದು ಫೇರ್‌ಬ್ಯಾಂಕ್ಸ್‌ನಲ್ಲಿ ನಿಂತಿದ್ದ ಇನ್ನೊಂದು ವಿಮಾನದಲ್ಲಿತ್ತು. ಅಷ್ಟೇ.

ಬೀಕನ್ ಕಡ್ಡಾಯ ಮಾಡಬೇಕು ಅನ್ನೋ ಕೂಗಿಗೆ ಬಲ ಬಂದಿದ್ದು ಇನ್ನೂ ಹಳೆಯ ಒಂದು ದುರಂತದಿಂದ. 1967ರ ಮಾರ್ಚ್‌ನಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ಟ್ರಿನಿಟಿ ಬೆಟ್ಟಗಳಲ್ಲಿ, ಹಿಮದ ನಡುವೆ ಒಂದು ಕುಟುಂಬದ ವಿಮಾನ ಬಿತ್ತು. ಗಂಡ, ಹೆಂಡತಿ, 16 ವರ್ಷದ ಮಗಳು. ಬಿದ್ದಾಗ ಮೂವರೂ ಬದುಕಿದ್ದರು. ಗಂಡ ಸಹಾಯ ಹುಡುಕಿಕೊಂಡು ಹೊರಟವರು ವಾಪಸ್ ಬರಲಿಲ್ಲ. ಹುಡುಗಿ ದಿನಚರಿ ಬರೆಯುತ್ತಾ ಕೂತಳು. ಎಷ್ಟು ದಿನ ಗೊತ್ತಾ? 54 ದಿನ! ಬೇಟೆಗಾರರಿಗೆ ಆ ವಿಮಾನ ಕಣ್ಣಿಗೆ ಬಿದ್ದಿದ್ದು ಅಕ್ಟೋಬರ್‌ನಲ್ಲಿ. ಬಿದ್ದ ಪೆಟ್ಟಿಗೆ ಸತ್ತವರಲ್ಲ ಇವರು, ಯಾರಿಗೂ ಸಿಗದೆ ಸತ್ತವರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಿಮದಲ್ಲಿ ಕಣ್ಣನ್ನು ನಂಬಿ ಕೂರೋಕೆ ಆಗಲ್ಲ. ಬಾಗ್ಸ್ ಕಾಣೆಯಾಗುವ ಮೂರೇ ದಿನ ಮೊದಲು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಲ್ಲಿ 45 ಜನರಿದ್ದ ವಿಮಾನ ಬಿದ್ದಿತ್ತು. ಬಿಳಿ ವಿಮಾನ, ಬಿಳಿ ಹಿಮ. ಹುಡುಕುವವರು ಮೇಲೆಯೇ ಹಾರಿಹೋದರೂ ಕಾಣಲಿಲ್ಲ. 72 ದಿನ ಕಳೆದ ಮೇಲೆ ಉಳಿದವರು 16 ಜನ, ಅದೂ ಅವರಲ್ಲಿ ಇಬ್ಬರು ಬೆಟ್ಟ ಹತ್ತಿ ಇಳಿದು ನಡೆದುಕೊಂಡೇ ಹೋಗಿ ಜನರನ್ನು ಕಂಡಿದ್ದಕ್ಕೆ.

ಈಗ ಕಾಲ ಬದಲಾಗಿದೆ, ನಿಜ. ಹಳೆಯ ಬೀಕನ್‌ಗಳು 121.5 ಮೆಗಾಹರ್ಟ್ಸ್ ಅನ್ನೋ ರೇಡಿಯೋ ತರಂಗಾಂತರದಲ್ಲಿ ಸುಮ್ನೆ ಕೂಗುತ್ತಿದ್ದವು, ಯಾವ ವಿಮಾನ ಅಂತ ಹೇಳುತ್ತಿರಲಿಲ್ಲ. ಸುಳ್ಳು ಕರೆಗಳೇ ಜಾಸ್ತಿ. ಈಗಿನ 406 ಮೆಗಾಹರ್ಟ್ಸ್‌ನವು ತಮ್ಮ ಗುರುತಿನ ಸಂಖ್ಯೆಯನ್ನೂ ಕಳಿಸುತ್ತವೆ, ಉಪಗ್ರಹ ಹಿಡಿದುಕೊಳ್ಳುತ್ತದೆ. ಭಾರತದ ಮಟ್ಟಿಗೆ ಈ ಕರೆಗಳನ್ನು ನೋಡಿಕೊಳ್ಳುವ ಕೇಂದ್ರ ನಮ್ಮ ಬೆಂಗಳೂರಿನಲ್ಲೇ, ಉಪಗ್ರಹಗಳ ಮೇಲೆ ಕಣ್ಣಿಡುವ ಇಸ್ರೋದ ಇಸ್ಟ್ರ್ಯಾಕ್ ಸಂಸ್ಥೆಯಲ್ಲಿದೆ. ನಮ್ಮವರಲ್ಲೇ ಎಷ್ಟು ಜನಕ್ಕೆ ಇದು ಗೊತ್ತು?

ಆದರೆ ಯಂತ್ರ ಎಷ್ಟೇ ಒಳ್ಳೆಯದಿದ್ದರೂ ಬಿದ್ದ ಏಟಿಗೆ ಆಂಟೆನಾ ಮುರಿದರೆ ಮೂಕಾಗುತ್ತದೆ. ಬ್ಯಾಟರಿ ಸತ್ತಿದ್ದರೂ ಅಷ್ಟೇ. ಅದಕ್ಕೇ ನನ್ನದು ಒಂದೇ ಹಟ: ವಿಮಾನಕ್ಕೆ ಸ್ಕ್ರೂ ಹಾಕಿ ಕೂರಿಸಿದ್ದು ಒಂದು ಇರಲಿ, ಜೊತೆಗೆ ನಿನ್ನದೇ ಒಂದು ಇರಲಿ, ಅದು ಜಾಕೆಟ್ ಜೇಬಿನಲ್ಲಿರಲಿ. ಬ್ಯಾಗಿನಲ್ಲಿ ಬೇಡ. ಬ್ಯಾಗ್ ಎಲ್ಲಿ ಹೋಗಿ ಬೀಳುತ್ತದೋ ಯಾರಿಗೆ ಗೊತ್ತು.

ಹುಡುಗ ಮೊದಲು "ಮಾಮಾ, ಎಲ್ಲಾ ಚೆಕ್ ಮಾಡ್ತಾರೆ ಬಿಡಿ" ಅಂದ. ನಾನು ಬಿಡಲಿಲ್ಲ. ನಿನ್ನೆ ಫೋಟೋ ಕಳಿಸಿದ್ದಾನೆ. ವಿಮಾನದ ಬಾಲದೊಳಗೆ ಕಿತ್ತಳೆ ಬಣ್ಣದ ಪೆಟ್ಟಿಗೆ, ಮೇಲೆ ಒಂದು ಚೀಟಿ, ಬ್ಯಾಟರಿ ಬದಲಾಯಿಸಬೇಕಾದ ತಾರೀಖು. ಜೂಮ್ ಮಾಡಿ ಎರಡು ಸಲ ಓದಿದೆ. ಇನ್ನೂ ಟೈಮ್ ಇದೆ. ಜೇಬಿನದು ತೋರಿಸು ಅಂತ ಮೆಸೇಜ್ ಹಾಕಿದ್ದೇನೆ, ಉತ್ತರ ಬಂದಿಲ್ಲ.